ಸೀಸದ ಗೆರೆಯ ಮೇಲೆ ಮಸಿಯ ಗೆರೆ

ಕಳೆದ ವರುಷದ ಮಳೆಗಾಲದಲ್ಲಿ ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ಒಂದು ಚಿತ್ರಕಥೆಯನ್ನು ಸೇರಿಸಬೇಕೆಂದು ಒಂಬತ್ತನೆಯ ತರಗತಿಯ ಮಕ್ಕಳು ನಮ್ಮನ್ನು ಬಹಳವಾಗಿ ಕೇಳಿಕೊಂಡರು. ನಮ್ಮ ಶಾಲೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಕಡೆಗಳಿಂದಲೂ ಮಕ್ಕಳು ಬರುವರಾದುದರಿಂದ ಯಾವ ಊರಿನ ಕಥೆಯನ್ನು ಬರೆಯತಕ್ಕದ್ದೆಂಬ ವಿಷಯದಲ್ಲಿ ಸ್ವಲ್ಪ ವಾದವಾಯಿತು. ಕಡೆಗೆ ಮೂಡಬಿದಿರೆಯ ಚೌಟರ ಅರಮನೆಯನ್ನು ನೋಡಲು ಹೋದ ಒಬ್ಬ ಚಿಕ್ಕ ಹುಡುಗಿಯ ಕಥೆ ನಿಶ್ಚಯವಾಯಿತು. ಆ ಅರಮನೆಯ ಮರದ ಕೆತ್ತನೆಗಳಲ್ಲಿ ನವನಾರೀಕುಂಜರವೆಂಬುದೊಂದಿದೆ. ಒಂಬತ್ತು ಮಂದಿ ಸ್ತ್ರೀಯರು ಕೂಡಿ ಒಂದು ಆನೆಯ ಆಕಾರವನ್ನು ತಾಳಿರುವರು. ಐವರು ಸ್ತ್ರೀಯರು ಕೂಡಿ ಕುದುರೆಯಾದ ಪಂಚನಾರೀತುರಗವೂ ಅಲ್ಲಿಯೇ ಇದೆ. ಕಥೆಯ ಕೊನೆಯ ಪುಟದಲ್ಲಿ ಆ ಆನೆಯೇ ಪುಟ ತುಂಬ ಬರತಕ್ಕದ್ದೆಂದು ಮಕ್ಕಳು ಗೊತ್ತುಮಾಡಿದರು.

ಮೂಡಬಿದಿರೆಯ ಕಡೆಯ ಒಬ್ಬ ಹುಡುಗಿಯು ಒಂದು ತಿಂಗಳು ಕೂತು ನಾಲ್ಕು ಪುಟಗಳನ್ನು ಸೀಸದ ಕಡ್ಡಿಯಿಂದ ಬರೆದಳು. ಅಷ್ಟು ನಯವಾದ ಕೆಲಸವನ್ನು ನಾವು ನಮ್ಮ ಶಾಲೆಯಲ್ಲಿ ಕಂಡದ್ದು ಕಡಮೆ. ಪ್ರತಿಗಳನ್ನು ತೆಗೆಯಿಸುವುದಕ್ಕಾಗಿ ಬಂಟ್ವಾಳದ ಪೇಟೆಯ ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟೆವು. ಹಿಂದೆ ಬಂದ ಕಾಗದಗಳ ಮೇಲೆ ಬೂದಿ ಚೆಲ್ಲಿದಂತೆ ಏನೋ ಇತ್ತೇ ಹೊರತು ಚಿತ್ರವಿರಲಿಲ್ಲ. ಯಂತ್ರವನ್ನು ಕಪ್ಪಿಗೆ ತಿರುಗಿಸಿದಾಗ ಕಾಗದದ ಕೊಳೆಯೂ ಬೆರಳಿನ ಗುರುತೂ ಚಿತ್ರದೊಂದಿಗೆ ಎದ್ದು ಬಂದವು. ಅಂಗಡಿಯವರು, "ಟೀಚರ್, ಇದಕ್ಕೆ ಮಸಿ ಹಾಕಿಸಿ ತನ್ನಿ, ಆಗ ಚಂದ ಬರ್ತದೆ" ಎಂದು ಹೇಳಿ ಕಳುಹಿಸಿದರು.

ಹುಡುಗಿಯು ಒಪ್ಪಲಿಲ್ಲ. "ಹಾಳಾದರೆ ಏನು ಮಾಡುವುದು ಟೀಚರ್?" ಎಂದಳು. ನಾವೂ, "ಇರಲಿ, ಅಷ್ಟು ಚೆಂದದ್ದನ್ನು ಹಾಳು ಮಾಡುವುದು ಬೇಡ" ಎಂದು ಹೇಳಿ ಪುಟಗಳನ್ನು ಕಪಾಟಿನಲ್ಲಿಟ್ಟೆವು. ಆ ಮಾತನ್ನು ಆಡಬಾರದಾಗಿತ್ತು. ಅದರ ಪರಿಹಾರಾರ್ಥವಾಗಿಯೇ ಈ ಪಾಠವನ್ನು ಬರೆಯಲು ತೊಡಗಿದ್ದೇವೆ.

ಚಿತ್ರಕಥೆಗೆ ಮಸಿಯೇರಿಸುವುದೆಂದರೆ, ಸೀಸದ ಕಡ್ಡಿಯಿಂದ ಬರೆದ ಚಿತ್ರದ ಮೇಲೆ ಲೇಖನಿಯಿಂದಲೂ ಕುಂಚದಿಂದಲೂ ಕರಿಯ ಗೆರೆಗಳನ್ನು ಎಳೆದು, ತರುವಾಯ ಸೀಸದ ಗೆರೆಗಳನ್ನು ಅಳಿಸಿ, ಅಚ್ಚಿಗೆ ಒಪ್ಪುವ ಚಿತ್ರವನ್ನು ಸಿದ್ಧಮಾಡುವುದು. ಇದು ಯಾಕೆ ಬೇಕಾಯಿತೆಂದರೆ, ಸೀಸದ ಗೆರೆಯು ಕಣ್ಣಿಗೆ ಕರಿದಾಗಿ ತೋರಿದರೂ ನಿಜವಾಗಿ ಬೂದುಬಣ್ಣದ್ದು. ಗೆರೆಚಿತ್ರದ ಅಚ್ಚಿನ ಯಂತ್ರಕ್ಕೆ ಬೂದು ಎಂಬುದು ತಿಳಿಯದು. ಮಸಿ ಹತ್ತುವ ಸ್ಥಳ, ಮಸಿ ಹತ್ತದ ಸ್ಥಳ ಎಂಬ ಎರಡನ್ನೇ ಅದು ಬಲ್ಲದು. ಕ್ಯಾಮರಾದಿಂದ ಪುಟಗಳನ್ನು ಫಿಲ್ಮಿಗೆ ಇಳಿಸುತ್ತಿದ್ದ ಕಾಲದಲ್ಲಿ ಆ ಫಿಲ್ಮಿಗೆ ತಿಳಿನೀಲಿ ಬಣ್ಣವೂ ಕಾಣುತ್ತಿರಲಿಲ್ಲ. ಆದಕಾರಣ ಅನೇಕ ಚಿತ್ರಗಾರರು ಮೊದಲಿನ ಗೆರೆಯನ್ನು ತಿಳಿನೀಲಿ ಪೆನ್ಸಿಲಿನಿಂದ ಬರೆದು, ಅದನ್ನು ಅಳಿಸುವ ಶ್ರಮವನ್ನೇ ಉಳಿಸಿಕೊಳ್ಳುತ್ತಿದ್ದರು. ಈಗ ಗಣಕಯಂತ್ರದಲ್ಲಿ ಬೂದುಬಣ್ಣವನ್ನೂ ಹಿಡಿಯಬಹುದು. ಮಸಿಯೇರಿಸುವ ಕೆಲಸವನ್ನೂ ಗಾಜಿನ ಹಲಗೆಯ ಮೇಲೆ ಮಾಡುವವರಿದ್ದಾರೆ. ಆದರೂ ಗೆರೆಯನ್ನು ಆರಿಸುವ ವಿದ್ಯೆಯಂತೂ ಬದಲಾಗಲಿಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಹೊಸ ಮಾತಲ್ಲ. ಬಾಸೆಲ್ ಮಿಶನಿನವರು 1834ನೇ ಇಸವಿಯಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗರು ಹೊರಡಿಸಿದ 'ಮಂಗಳೂರು ಸಮಾಚಾರ'ವು ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಮೊಳೆಗಳಿಲ್ಲ, ಒಬ್ಬನು ಕೂತು ಪ್ರತಿಯೊಂದು ಅಕ್ಷರವನ್ನೂ ಜಿಡ್ಡುಳ್ಳ ಮಸಿಯಿಂದ ಕೈಯಾರೆ ಬರೆಯಬೇಕು. ಕಲ್ಲಿನ ಮೇಲೆ ನೇರವಾಗಿ ಬರೆಯುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಬರೆಯತಕ್ಕದ್ದು. ಬಳಿಕ ಕಲ್ಲನ್ನು ನೀರಿನಿಂದ ಒದ್ದೆಮಾಡಿ ಅಚ್ಚಿನ ಮಸಿಯನ್ನು ಉರುಳಿಸಿದರೆ, ಜಿಡ್ಡಿದ್ದಲ್ಲಿ ಮಸಿ ಹತ್ತುತ್ತದೆ, ನೀರಿದ್ದಲ್ಲಿ ಹತ್ತುವುದಿಲ್ಲ. 1796ರಲ್ಲಿ ಜರ್ಮನಿ ದೇಶದ ಸೆನೆಫೆಲ್ಡರನು ಕಂಡುಹಿಡಿದ ಈ ಉಪಾಯವೇ ಇಂದಿನ ಆಫ್‌ಸೆಟ್ ಅಚ್ಚಿನ ಮೂಲವಾಗಿದೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಮೂಡಬಿದಿರೆಗೇ ಹೋಗಬೇಕು. ಅಲ್ಲಿಯ ಜೈನ ಸಿದ್ಧಾಂತ ಗ್ರಂಥಗಳಾದ ಧವಲಾದಿಗಳ ತಾಳೆಗರಿಗಳನ್ನು ಕೇಳದವರಾರು? ಅವುಗಳ ಅಕ್ಷರವು ಹಳಗನ್ನಡ, ಭಾಷೆಯು ಪ್ರಾಕೃತ. 12ನೇ ಶತಮಾನದ ಆರಂಭದವುಗಳೆಂದು ಹೇಳಲ್ಪಡುವ ಕೆಲವು ಗರಿಗಳಲ್ಲಿ ಜಿನರ, ಯಕ್ಷ ಯಕ್ಷಿಯರ ಮತ್ತು ಭಕ್ತರ ಬಣ್ಣದ ಚಿತ್ರಗಳಿವೆ. ಸಾಧಾರಣ ತಾಳೆಗರಿಯಲ್ಲಿ ಕಬ್ಬಿಣದ ಕಂಠದಿಂದ ಕೊರೆದು, ಅನಂತರ ಕಾಡಿಗೆಯನ್ನು ತೊಡೆದು ಒರಸಿದರೆ ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುವದು. ಈ ಗರಿಗಳಾದರೋ ಹಾಗೆ ಕೊರೆದವುಗಳಲ್ಲ, ಮಸಿಯಿಂದ ಬರೆದವುಗಳು. ನಾಲ್ಕು ಬೆರಳಿನ ಅಗಲದೊಳಗೆ ಒಂದು ಮುಖ, ಅದರ ಕಣ್ಣು, ಹುಬ್ಬು, ಆಭರಣ, ಇವೆಲ್ಲ ಗೆರೆಯ ಬಲದಿಂದಲೇ ನಿಂತಿರಬೇಕಷ್ಟೆ. ಗರಿಯ ಮೇಲೆ ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸುವ ಉಪಾಯವು ಆ ಬರೆಗಾರನಿಗಿರಲಿಲ್ಲವೆಂಬದನ್ನು ನಮ್ಮ ಮಕ್ಕಳು ಗಮನಿಸಲಿ.

ಈಗಿನ ಚಿತ್ರಕಥೆಗಳ ಕಡೆಗೆ ಬರೋಣ. ನಮ್ಮ ಮನೆಗಳಲ್ಲಿ ಕಾಣುವ 'ಅಮರ ಚಿತ್ರಕಥೆ'ಯನ್ನು 1967ರಲ್ಲಿ ಆರಂಭಿಸಿದ ಅನಂತ ಪೈಯವರು ನೆರೆಯ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು. ಆ ಮಾಲೆಯ 'ಕೃಷ್ಣ'ನನ್ನು ರಾಮ್ ವಾಯೀರ್ಕರ್ ಎಂಬವರು ಚಿತ್ರಿಸಿದರು. ಇದಕ್ಕೂ ಮೊದಲೇ, 1949ರ ಜುಲೈ ತಿಂಗಳಿನಿಂದ, 'ಚಂದಮಾಮ'ವು ಕನ್ನಡದಲ್ಲಿ ಹೊರಟು ಬಹುಕಾಲ ನಡೆಯಿತು. ಹೆಗಲ ಮೇಲೆ ಶವವನ್ನು ಹೊತ್ತು ಖಡ್ಗ ಹಿಡಿದು ನಡೆಯುವ ವಿಕ್ರಮರಾಜನನ್ನು ಅದರಲ್ಲಿ ಬರೆದವರು 2020ರಲ್ಲಿ ತೀರಿಕೊಂಡ ಶಂಕರರು. ಅಂಥ ಚಿತ್ರಗಳನ್ನು ಬಣ್ಣಕ್ಕಾಗಿ ನೋಡುವುದನ್ನು ಬಿಟ್ಟು ಗೆರೆಗಾಗಿ ನೋಡಿರಿ. ಎಲ್ಲಿ ದಪ್ಪವಾಯಿತು, ಎಲ್ಲಿ ತೆಳ್ಳಗಾಯಿತು, ಎಲ್ಲಿ ತುಂಡಾಗಿ ನಿಂತಿತು?

ಅಮೇರಿಕ ದೇಶದಲ್ಲಿ ಪ್ರತಿ ತಿಂಗಳೂ ಪುಸ್ತಕವನ್ನು ಹೊರಡಿಸಬೇಕಾದ ಅವಸರದಿಂದ ಸೀಸದಲ್ಲಿ ಬರೆಯುವವನೇ ಬೇರೆ, ಮಸಿಯೇರಿಸುವವನೇ ಬೇರೆ ಎಂಬ ಪದ್ಧತಿಯು ಬೆಳೆಯಿತು. ಜಾಕ್ ಕರ್ಬಿಯವರ ಸೀಸದ ಪುಟಗಳಿಗೆ 1960ರ ದಶಕದಲ್ಲಿ ಜೋ ಸಿನಟ್ಟರು ಮಸಿಯೇರಿಸಿದ್ದನ್ನು ಈ ವಿದ್ಯೆಯ ಉತ್ತಮ ಮಾದರಿಯೆಂದು ಬಲ್ಲವರು ಹೇಳುತ್ತಾರೆ. ಕೆಲಸವನ್ನು ಬೇಗ ಮುಗಿಸುವುದಕ್ಕಾಗಿ ಹಿನ್ನೆಲೆಯ ಜನರನ್ನು ರಬ್ಬರಿನಿಂದ ಅಳಿಸಿಬಿಟ್ಟ ಮಸಿಗಾರರೂ ಅಲ್ಲಿದ್ದರು. ಒಂದೇ ಸೀಸದ ಪುಟವನ್ನು ಇಬ್ಬರಿಗೆ ಕೊಟ್ಟರೆ ಎರಡು ಬಗೆಯ ಪುಟಗಳು ಹಿಂದೆ ಬರುವವು. ಹಾಗಾದರೆ ಮಸಿಯೇರಿಸುವುದು ಬರೇ ಮೇಲೆ ಮೇಲೆ ತಿದ್ದುವ ಕೆಲಸವೆಂದು ಹೇಳಲಾಗದು.

ಉಪಕರಣಗಳು ಬಹಳ ಬೇಕಾಗಿಲ್ಲ. ಇಂಡಿಯನ್ ಇಂಕೆಂಬ, ಒಣಗಿದ ಮೇಲೆ ನೀರಿಗೆ ಕರಗದ ಕರಿಮಸಿ; ಅದ್ದಿ ಬರೆಯುವ ನಿಬ್ಬು ಎರಡು ಮೂರು ವಿಧ; ಸಣ್ಣ ತುದಿಯ ಒಂದು ಒಳ್ಳೆಯ ಕುಂಚ; ಗಟ್ಟಿಯಾದ ನಯ ಕಾಗದ; ಬಿಳಿ ಬಣ್ಣ ಸ್ವಲ್ಪ; ಒರಸಲು ಹಳೆಯ ಹತ್ತಿ ಬಟ್ಟೆ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿರುವರಾದುದರಿಂದ ಅದನ್ನು ಮೊದಲು ಒದ್ದೆಬಟ್ಟೆಯಿಂದ ಒರಸತಕ್ಕದ್ದು. ಇಲ್ಲವಾದರೆ ಮಸಿಯು ಕೆಸುವಿನೆಲೆಯ ಮೇಲಿನ ನೀರಿನಂತೆ ಮುದ್ದೆಗಟ್ಟಿ ಜಾರುವದು. ಕೆಲಸದ ನಡುವೆಯೂ ನಿಬ್ಬನ್ನು ಒರಸುತ್ತಿರಬೇಕು. ಸೀಳಿನೊಳಗೆ ಮಸಿ ಒಣಗಿತೆಂದರೆ ಗೆರೆ ಕೆಟ್ಟಿತು. ಕುಂಚವನ್ನು ಲೋಹದ ಕಟ್ಟಿನ ವರೆಗೆ ಅದ್ದಬಾರದು, ತುದಿ ಕೆಳಗಾಗಿ ನೀರಿನ ಲೋಟದಲ್ಲಿ ನಿಲ್ಲಿಸಬಾರದು, ತಣ್ಣೀರಿನಲ್ಲಿ ತೊಳೆದು ತುದಿಯನ್ನು ಬೆರಳಿನಿಂದ ಕೂಡಿಸಿ ಇಡಬೇಕು. ನಮ್ಮ ಮಕ್ಕಳಲ್ಲಿ ಒಬ್ಬಳು ಕುಂಚವನ್ನು ಜ್ಯಾಮಿತಿಯ ಪೆಟ್ಟಿಗೆಯಲ್ಲಿ ಮಡಚಿ ಇಟ್ಟಿದ್ದಳು. ಆ ಕುಂಚದ ಆಯುಷ್ಯ ಒಂದು ದಿನ.

ನಮ್ಮ ಸೀಮೆಯಲ್ಲಿ ಮಳೆಗಾಲಕ್ಕೆ ಪ್ರತ್ಯೇಕವಾದ ಎಚ್ಚರಿಕೆ ಬೇಕು. ಆಷಾಢದಲ್ಲಿ ಕಾಗದವು ಗಾಳಿಯ ತೇವವನ್ನು ಕುಡಿದು ಮೆತ್ತಗಾಗಿರುತ್ತದೆ. ಅಂಥ ಕಾಗದದ ಮೇಲೆ ಎಳೆದ ಗೆರೆಯ ಅಂಚಿನಲ್ಲಿ ಕೂದಲಿನಂಥ ಬೇರುಗಳು ಹೊರಡುವವು. ಕಾಗದವನ್ನು ಮುಚ್ಚಳ ಬಿಗಿಯಾದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಬೇಕಾದ ಹಾಳೆಯೊಂದನ್ನೇ ತೆಗೆಯಿರಿ. ಕೈಯ ಕೆಳಗೆ ಬೇರೊಂದು ಕಾಗದವಿರಲಿ, ಬೆವರು ತಾಗಬಾರದು.

ಅಭ್ಯಾಸವನ್ನು ಚಿತ್ರದಿಂದ ಆರಂಭಿಸಬಾರದು, ಗೆರೆಯಿಂದ ಆರಂಭಿಸಬೇಕು. ನಿಬ್ಬನ್ನು ತನ್ನ ಕಡೆಗೆ ಎಳೆಯಬೇಕಲ್ಲದೆ ಮುಂದಕ್ಕೆ ದೂಡಬಾರದು. ದೂಡಿದರೆ ಅದು ಕಾಗದವನ್ನು ಕಚ್ಚಿ ಮಸಿಯನ್ನು ಸಿಡಿಸುವದು. ಆದುದರಿಂದ ಗೆರೆ ಯಾವ ದಿಕ್ಕಿಗೆ ಹೋಗಬೇಕೋ ಅದಕ್ಕೆ ತಕ್ಕಂತೆ ಕಾಗದವನ್ನೇ ತಿರುಗಿಸಿಕೊಳ್ಳಿರಿ. ಮೆಲ್ಲಗೆ ಒತ್ತಿದರೆ ನಿಬ್ಬಿನ ಸೀಳು ತೆರೆದು ಗೆರೆ ದಪ್ಪವಾಗುವದು, ಬಿಟ್ಟರೆ ತೆಳ್ಳಗಾಗುವದು. ತೆಳ್ಳಗೆ ಆರಂಭಿಸಿ, ನಡುವೆ ದಪ್ಪಮಾಡಿ, ತೆಳ್ಳಗೆ ಮುಗಿಸುವ ಗೆರೆಗಳನ್ನು ದಿನಕ್ಕೊಂದು ಪುಟ ಎಳೆದರೆ ಒಂದು ತಿಂಗಳಲ್ಲಿ ಕೈ ತಿಳಿಯುತ್ತದೆ. ಉದ್ದವಾದ ಬಾಗನ್ನು ಬೆರಳಿನಿಂದಲ್ಲ, ಭುಜದಿಂದ ಎಳೆಯಬೇಕು. ಮನೆಯಂಗಳದಲ್ಲಿ ರಂಗವಲ್ಲಿ ಹಾಕುವ ಹೆಂಗಸರು ಇದನ್ನು ಯಾವ ಶಾಲೆಯಲ್ಲಿಯೂ ಕಲಿಯದೆ ಬಲ್ಲರು. ಎಡಗೈಯವರು ಪುಟದ ಬಲದಿಂದ ಎಡಕ್ಕೆ ಬರಲಿ. ಅವರ ಕೈಯನ್ನು ಬದಲಾಯಿಸುವ ಹಳೆಯ ಕ್ರೂರತನವು ನಮಗೆ ಬೇಡ.

ತರುವಾಯ ಎರಡು ಪಾಠಗಳನ್ನು ನಾವು ಕೊಡುತ್ತೇವೆ. ಎರಡೂ ಬೆಳ್ತಂಗಡಿ ತಾಲೂಕಿನವು. ಒಂದು, 1604ರಲ್ಲಿ ಸ್ಥಾಪಿತವಾದ ವೇಣೂರಿನ ಗೊಮ್ಮಟ. ಆ ಮೂರ್ತಿಯ ಮೈ ನುಣುಪಾದುದು, ಬಟ್ಟೆಯಿಲ್ಲ, ಒಡವೆಯಿಲ್ಲ. ಗೆರೆಗೆ ಅಡಗಿಕೊಳ್ಳಲು ಸ್ಥಳವೇ ಇಲ್ಲ. ಹೆಗಲಿನಿಂದ ಬೆರಳಿನ ವರೆಗೆ ಇಳಿಯುವ ಒಂದೇ ಗೆರೆ ನಡುಗಿತೋ, ನಡುಗಿದ್ದು ಎಲ್ಲರಿಗೂ ಕಾಣುವದು. ಬೆಳಕು ಬೀಳುವ ಬದಿಯ ಗೆರೆಯನ್ನು ತೆಳ್ಳಗೂ ನೆರಳಿನ ಬದಿಯದನ್ನು ದಪ್ಪಗೂ ಎಳೆದರೆ, ಒಂದು ಚುಕ್ಕಿ ನೆರಳು ಹಾಕದೆಯೇ ಮೈ ದುಂಡಗಾಗುವದು. ಇನ್ನೊಂದು, ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು. ಅಲ್ಲಿ ಎಲ್ಲವೂ ಒರಟು. ಕುಂಚದ ಮಸಿಯನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿಕೊಂಡು ಮೇಲಿನಿಂದ ಕೆಳಕ್ಕೆ ಉಜ್ಜಿದರೆ ಬಂಡೆಯ ಮೇಲೆ ಮಳೆನೀರು ಇಳಿದ ಗುರುತುಗಳು ತಾವೇ ಬರುವವು. ಬುಡದ ಕಾಡನ್ನು ತುಂಬ ಕರಿಯಾಗಿ ಮಾಡಿ, ನಡುವೆ ಮಂಜಿನ ಪಟ್ಟಿಯನ್ನು ಏನೂ ಬರೆಯದೆ ಬಿಟ್ಟರೆ ಬಂಡೆ ಆಕಾಶದಲ್ಲಿ ನಿಂತಂತಾಗುವದು. ಏನನ್ನೂ ಬರೆಯದೆ ಬಿಡುವುದು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಎಲ್ಲಾ ಎಲೆಗಳನ್ನೂ ಬರೆದು ಮುಗಿಸಿದ ಮೇಲೆಯೇ ಅವರಿಗೆ ನೆಮ್ಮದಿ.

ಚಿತ್ರವನ್ನು ಅಚ್ಚಿನ ಅಳತೆಗಿಂತ ಒಂದೂವರೆ ಪಾಲು ದೊಡ್ಡದಾಗಿ ಬರೆಯುವ ವಾಡಿಕೆಯುಂಟು. ಕುಗ್ಗಿಸಿದಾಗ ಸಣ್ಣ ನಡುಕಗಳು ಮರೆಯಾಗುತ್ತವೆ. ಆದರೆ ಒತ್ತೊತ್ತಾಗಿ ಹೆಣೆದ ನೆರಳಿನ ಗೆರೆಗಳು ಒಂದಕ್ಕೊಂದು ಅಂಟಿ ಕರಿಯ ಮುದ್ದೆಯಾಗುವವು. ಗೆರೆಗಳ ನಡುವೆ ಗಾಳಿಯಿರಲಿ ಎಂದು ನಾವು ಹೇಳುವುದು ಇದಕ್ಕೇ.

ಇನ್ನು ನವನಾರೀಕುಂಜರದ ಸಂಗತಿ. ಕಪಾಟಿನೊಳಗಿನ ಪುಟಗಳನ್ನು ಎರಡು ವಾರದ ಮೇಲೆ ಬೆಳ್ತಂಗಡಿಯ ಕಡೆಯ ಇನ್ನೊಬ್ಬ ಹುಡುಗಿಯು ಕೇಳಿದಳು. ಮಸಿಯೇರಿಸುವುದರಲ್ಲಿ ಅವಳ ಕೈ ಎಲ್ಲರಿಗಿಂತ ಮುಂದಾಗಿತ್ತು. ಬರೆದವಳು ಅರೆಮನಸ್ಸಿನಿಂದ ಒಪ್ಪಿದಳು. ಮೂರು ಪುಟಗಳು ಚೆನ್ನಾಗಿಯೇ ಬಂದವು. ನಾಲ್ಕನೆಯ ಪುಟವನ್ನು ಕಂಡೊಡನೆ ಬರೆದವಳು ಅಳಲಾರಂಭಿಸಿದಳು. "ನಾನು ಬರೆದದ್ದು ಒಂಬತ್ತು ಹೆಂಗಸರನ್ನು ಟೀಚರ್, ಇವಳು ಆನೆಯನ್ನು ಮಾಡಿ ಇಟ್ಟಿದ್ದಾಳೆ" ಎಂದಳು.

ನಾವು ಎರಡೂ ಕಡೆಯಿಂದ ನೋಡಿದೆವು. ಒಂದು ಗೆರೆಯೂ ಸೀಸದ ಗೆರೆಯನ್ನು ಬಿಟ್ಟು ಆಚೀಚೆ ಹೋಗಿರಲಿಲ್ಲ. ಆದರೂ ಹುಡುಗಿಯ ಮಾತು ನಿಜವಾಗಿತ್ತು. ಮರದಲ್ಲಿ ಕೆತ್ತಿದವನಿಗೆ ಆಳವೆಂಬುದಿದೆ. ಒಬ್ಬಳ ತೋಳು ಮುಂದೆ, ಇನ್ನೊಬ್ಬಳ ಬೆನ್ನು ಹಿಂದೆ ಎಂದು ಉಳಿಯೇ ತೋರಿಸುವದು. ಕಾಗದದಲ್ಲಿ ಆಳವಿಲ್ಲ. ಒಂದೇ ಗೆರೆಯು ಹೆಂಗಸಿನ ಬೆನ್ನೂ ಹೌದು, ಆನೆಯ ಬೆನ್ನೂ ಹೌದು. ಸೀಸದಲ್ಲಿ ಎಲ್ಲಾ ಗೆರೆಗಳೂ ಒಂದೇ ಬೂದು ಬಣ್ಣದಲ್ಲಿದ್ದುದರಿಂದ ಆನೆಯೋ ಹೆಂಗಸರೋ ಎಂಬ ಪ್ರಶ್ನೆಯನ್ನು ಅದು ನೋಡುವವರಿಗೆ ಬಿಟ್ಟುಕೊಟ್ಟಿತ್ತು. ಮಸಿಯಾದರೋ ಬಿಟ್ಟುಕೊಡುವುದಿಲ್ಲ. ಎರಡನೆಯ ಹುಡುಗಿಯು ಹೊರಗಿನ ಗೆರೆಯನ್ನು ಕುಂಚದಿಂದ ದಪ್ಪವಾಗಿ ಎಳೆದು, ಒಳಗಿನ ಮುಖ, ಕೈ, ಸೀರೆಯ ನೆರಿಗೆಗಳನ್ನು ತೆಳ್ಳನೆಯ ನಿಬ್ಬಿನಿಂದ ಎಳೆದಿದ್ದಳು. ಆದಕಾರಣ ನೋಡುವವರಿಗೆ ಮೊದಲು ಆನೆ, ಬಹಳ ಹೊತ್ತಿನ ಮೇಲೆ ಹೆಂಗಸರು. ಅವಳ ಸಮಾಧಾನವೂ ಸರಿಯಾದುದೇ: "ಕಥೆಯಲ್ಲಿ ಆ ಮಗುವಿಗೆ ದೂರದಿಂದ ಮೊದಲು ಕಂಡದ್ದು ಆನೆಯಲ್ಲವೇ ಟೀಚರ್?" ಎಂದು ಕೇಳಿದಳು.

ಇಬ್ಬರನ್ನು ನ್ಯಾಯಾಲಯದಲ್ಲಿ ನಿಲ್ಲಿಸಿದಂತೆ ನಿಲ್ಲಿಸಿ ತೀರ್ಪು ಹೇಳಲು ನಮಗೆ ಧೈರ್ಯ ಸಾಲಲಿಲ್ಲ. ಬರೆದವಳಿಗೆ ನಾವು ಹೇಳಿದ್ದಿಷ್ಟೇ: "ಮಗಾ, ನಿನ್ನ ಹೆಂಗಸರು ನಿನಗೆ ಬೇಕಾದರೆ ಮಸಿಯನ್ನು ನೀನೇ ಹಿಡಿಯಬೇಕು."

ಆಗ ಅವಳು ಹೇಳಿದ ಉತ್ತರವು ನಮ್ಮನ್ನು ನಾಚಿಸಿತು. "ಹಾಳು ಮಾಡಬೇಡ ಎಂದು ನೀವೇ ಹೇಳಿದ್ದಲ್ಲವೇ ಟೀಚರ್?" ಎಂದಳು. ನಾವು ಕಲಿಯುತ್ತಿದ್ದಾಗ ಮಸಿಪೆನ್ನಿನಲ್ಲಿಯೇ ಬರೆಯಬೇಕಾಗಿತ್ತು. ಒಂದು ಹನಿ ಬಿದ್ದರೆ ಇಡೀ ಪುಟವನ್ನು ಹರಿದು ಹೊಸದಾಗಿ ಬರೆಯತಕ್ಕದ್ದೆಂಬ ನಿಯಮವು ಆ ಶಾಲೆಯಲ್ಲಿತ್ತು. ಅಂಥ ಪುಟಗಳನ್ನು ಹರಿದು ಹರಿದು ನಮ್ಮ ಅಕ್ಷರವು ದುಂಡಗಾಯಿತು. ಚಿತ್ರ ಬರೆಯುವ ಆಸೆಯು ಮಾತ್ರ ಎಲ್ಲಿಯೋ ಉಳಿದುಹೋಯಿತು. ಶಿಕ್ಷಕಿಯಾದ ಮೇಲೆ ಅದೇ ನಿಯಮವನ್ನು ನಾವು ಎಷ್ಟು ಮಂದಿ ಮಕ್ಕಳಿಗೆ ದಾಟಿಸಿದೆವೋ! ತಲಾಂತುಗಳ ಸಾಮ್ಯವನ್ನು ಪ್ರತಿ ವರುಷ ಪ್ರಾರ್ಥನಾಸಭೆಯಲ್ಲಿ ವಿವರಿಸುವ ನಾವು, ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿಗೆ ಕಪಾಟಿನ ಬೀಗದಕೈಯನ್ನು ಕೊಟ್ಟವರಾದೆವು.

ನಿಜವಾಗಿ ನೋಡಿದರೆ ಮಸಿಯಲ್ಲಿ ಆದ ತಪ್ಪಿಗೆ ಪರಿಹಾರವುಂಟು. ತಪ್ಪಿದ ಗೆರೆಯು ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಬಿಳಿ ಬಣ್ಣವನ್ನು ತೆಳ್ಳಗೆ ಎರಡು ಸಲ ಹಚ್ಚಿ ಮತ್ತೆ ಬರೆಯಬಹುದು; ಅಚ್ಚಿನಲ್ಲಿ ಅದು ಕಾಣುವುದಿಲ್ಲ. ದೊಡ್ಡ ಚೌಕವೇ ಕೆಟ್ಟರೆ ಬೇರೆ ಕಾಗದದಲ್ಲಿ ಬರೆದು ಮೇಲೆ ಅಂಟಿಸಬಹುದು. ದೊಡ್ಡ ದೊಡ್ಡ ಚಿತ್ರಗಾರರ ಮೂಲ ಪುಟಗಳಲ್ಲಿಯೂ ಬಿಳಿ ಬಣ್ಣದ ತೇಪೆಗಳಿರುವವು. ಇದಲ್ಲದೆ ಸೀಸದ ಚಿತ್ರವನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೇರೊಂದು ಹಾಳೆಗೆ ಇಳಿಸಿಕೊಂಡರೆ ಮೂಲವು ಹಾಗೆಯೇ ಉಳಿಯುತ್ತದೆ. ಈ ಕಿಟಕಿಯ ಉಪಾಯವನ್ನು ಮೊದಲನೆಯ ದಿನವೇ ಹೇಳಿಕೊಟ್ಟಿದ್ದರೆ ಒಂದು ತಿಂಗಳ ಭಯವು ಅರ್ಧ ಗಂಟೆಯಲ್ಲಿ ಹೋಗುತ್ತಿತ್ತು.

ಹಾಗೆಯೇ ಮಾಡಿದೆವು. ಮೊದಲಿನ ಮಸಿಯ ಪುಟವನ್ನೇ ಗಾಜಿಗೆ ಹಿಡಿದು, ತಿಳಿಯಾದ ಸೀಸದಲ್ಲಿ ಇಳಿಸಿಕೊಂಡು, ಬರೆದವಳೇ ಲೇಖನಿಯನ್ನು ಹಿಡಿದಳು. ಮಸಿಗಾರ ಹುಡುಗಿಯು ಪಕ್ಕದಲ್ಲಿ ಕೂತು ನಿಬ್ಬನ್ನು ಒರಸಿ ಕೊಡುತ್ತಿದ್ದಳು. ಮುಂದಿನ ಹೆಂಗಸರ ಗೆರೆಯನ್ನು ದಪ್ಪಗೂ ಹಿಂದಿನವರದನ್ನು ತೆಳ್ಳಗೂ ಎಳೆದು, ಒಬ್ಬಳ ತೋಳು ಇನ್ನೊಬ್ಬಳ ಮೈಯ ಹಿಂದೆ ಹೋಗುವಲ್ಲಿ ಗೆರೆಯನ್ನು ಕೂದಲೆಳೆಯಷ್ಟು ಮೊದಲೇ ನಿಲ್ಲಿಸಿದಳು. ಆ ಸಣ್ಣ ಬಿಳಿಯ ಸಂದಿನಿಂದಲೇ ಹಿಂದೆ ಮುಂದೆ ಎಂಬುದು ತಿಳಿಯುವದು; ಇದನ್ನು ನಾವು ಅವಳಿಗೆ ಕಲಿಸಿರಲಿಲ್ಲ. ಆನೆಯ ಹೊಟ್ಟೆಯ ಭಾಗದಲ್ಲಿದ್ದ ಒಬ್ಬಳ ಹೆಗಲಿನ ಮೇಲೆ ದೊಡ್ಡದೊಂದು ಹನಿ ಬಿತ್ತು. ಇಬ್ಬರೂ ನಮ್ಮ ಮುಖವನ್ನು ನೋಡಿದರು. ನಾವು ಮಾತಾಡಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬರೆದವಳು ಆ ಹನಿಯನ್ನು ಕುಂಚದಿಂದ ಹರಡಿ ಒಂದು ಕರಿಯ ರವಕೆಯನ್ನು ಮಾಡಿದಳು. ಆ ರವಕೆಯು ಚಿತ್ರಕ್ಕೆ ಒಪ್ಪಿತೆಂದು ಹೇಳಲಾರೆವು. ಒಂಬತ್ತು ಮಂದಿಯಲ್ಲಿ ಅವಳೊಬ್ಬಳೇ ಎದ್ದು ಕಾಣುತ್ತಾಳೆ.

ಪತ್ರಿಕೆಯಲ್ಲಿ ಎರಡು ಪುಟಗಳನ್ನೂ ಎದುರುಬದುರಾಗಿ ಸೇರಿಸಿದೆವು. ಎಡಗಡೆ ಆನೆ, ಬಲಗಡೆ ಹೆಂಗಸರು. ಕೆಳಗೆ ಇಬ್ಬರ ಹೆಸರುಗಳನ್ನೂ ಬರೆಯಿಸಿದೆವು. ಯಾವುದು ಮೇಲೆಂದು ಮಕ್ಕಳು ಇನ್ನೂ ವಾದಿಸುತ್ತಾರೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿ ಮಕ್ಕಳಿಗಾಗಿ ಬಹಳ ಬರೆದ ಪಂಜೆ ಮಂಗೇಶರಾಯರ ಕಥೆಯೊಂದನ್ನು ಈ ವರುಷಕ್ಕೆ ಆರಿಸಿಕೊಂಡಿದ್ದಾರೆ. ಸೀಸದ ಕೆಲಸವು ಮುಗಿಯುತ್ತ ಬಂದಿದೆ.

ಅವರಿಗೆ ಇನ್ನೊಂದು ಸೂಚನೆಯನ್ನು ಮಾತ್ರ ಹೇಳುವುದಿದೆ. ಮಸಿಯು ಒಣಗಿದಂತೆ ಕಂಡೊಡನೆ ರಬ್ಬರನ್ನು ಹಿಡಿಯಬೇಡಿರಿ. ಬೇಸಗೆಯಲ್ಲಿ ಒಂದು ಗಂಟೆ ಸಾಕು. ಮಳೆಗಾಲದಲ್ಲಿ ಒಂದು ರಾತ್ರಿ ಕಾಯಿರಿ. ದಪ್ಪವಾಗಿ ಕರಿ ತುಂಬಿದಲ್ಲಿ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿರಿ, ತಣ್ಣಗಿದ್ದರೆ ಒಳಗೆ ಇನ್ನೂ ಹಸಿಯಿದೆ. ಅನಂತರ ಮೆತ್ತಗಿನ ರಬ್ಬರಿನಿಂದ, ಒಂದು ಕೈಯಿಂದ ಕಾಗದವನ್ನು ಹಿಡಿದುಕೊಂಡು, ಒಂದೇ ದಿಕ್ಕಿಗೆ ಉಜ್ಜಿರಿ. ಪುಡಿಯನ್ನು ಅಂಗೈಯಿಂದ ಒರಸದೆ ಊದಿಬಿಡಿರಿ.